ಓದುಗರ ಪ್ರಶ್ನೆ: ಗೋಡೆ ಸೋರುತ್ತಿದೆ, ತಗಡಿನ ಪಟ್ಟಿ ಎಲ್ಲಿ ಹಾಕಬೇಕು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಗೋಡೆ ಸೋರುವ ದೂರು. ಮಾಡು (ಛಾವಣಿ) ಸರಿಯಾಗಿದೆ, ಹಂಚು ಒಡೆದಿಲ್ಲ, ಶೀಟು ತೂತಾಗಿಲ್ಲ, ಆದರೂ ಕಿಟಕಿಯ ಮೇಲಿನಿಂದ ನೀರು ಇಳಿಯುತ್ತದೆ ಅಂತ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಬರೆದಿದ್ದಾರೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ, ಅದೂ ಕಡಲ ಕಡೆಯ ಗಾಳಿಯ ಜೊತೆ ಓರೆಯಾಗಿ. ಹಾಗಾಗಿ ನಮ್ಮಲ್ಲಿ ಪಡು ದಿಕ್ಕಿನ ಗೋಡೆಯೂ ಅರ್ಧ ಮಾಡಿನ ಕೆಲಸ ಮಾಡಬೇಕಾಗುತ್ತದೆ. ಪ್ರಶ್ನೆಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇನೆ, ಹೆಸರು ಬೇಡ ಅಂದವರು ಇದ್ದುದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮೇಲಿನ ಕೋಣೆಯ ಪಡು ಗೋಡೆಗೆ ಹೊರಗಿನಿಂದ ಫೈಬರ್ ಸಿಮೆಂಟ್ ಬೋರ್ಡ್ ಹೊಡೆಸಿದ್ದೇವೆ. ಚಂದ ಕಾಣುತ್ತದೆ. ಆದರೆ ಗಾಳಿಮಳೆ ಬಂದರೆ ಕಿಟಕಿಯ ಮೇಲಿನ ಮೂಲೆಯಿಂದ ಒಳಗೆ ನೀರು. ಕೆಲಸದವರು ಬೋರ್ಡಿಗೂ ಕಿಟಕಿಗೂ ನಡುವಿನ ಸಂದಿಗೆಲ್ಲ ಸಿಲಿಕೋನ್ ತುಂಬಿಸಿ ಹೋದರು. ಆಮೇಲೆ ಮೊದಲಿಗಿಂತ ಹೆಚ್ಚಾಯಿತು. ಇದು ಹೇಗೆ ಸಾಧ್ಯ? — ಬದಿಯಡ್ಕ

ಉತ್ತರ: ಸಾಧ್ಯ ಮಾತ್ರ ಅಲ್ಲ, ಹಾಗೆಯೇ ಆಗಬೇಕಾದದ್ದು. ಹೇಗೆ ಅಂತ ಹೇಳುತ್ತೇನೆ.

ಬೋರ್ಡ್ ಹೊಡೆದ ಗೋಡೆಯ ಹಿಂದೆ ನೀರು ಹೋಗುವುದೇ ಇಲ್ಲ ಅಂದುಕೊಳ್ಳುವುದು ತಪ್ಪು. ಸ್ಕ್ರೂ ಹೊಡೆದ ತೂತು, ಎರಡು ಬೋರ್ಡಿನ ಜೋಡಣೆ, ಮೇಲಿನ ಅಂಚು, ಹೀಗೆ ಎಲ್ಲಾದರೂ ಒಂದಿಷ್ಟು ನೀರು ಒಳಗೆ ನುಗ್ಗಿಯೇ ನುಗ್ಗುತ್ತದೆ. ಗಾಳಿ ಅದನ್ನು ಒತ್ತುತ್ತದೆ. ಕೂದಲೆಳೆಯಷ್ಟು ಸಂದಿ ಇದ್ದರೆ ಗಾಳಿಯೇ ಬೇಡ, ನೀರು ತಾನಾಗಿ ಒಳಗೆ ಏರುತ್ತದೆ. ಹೀಗೆ ಹೋದ ನೀರು ಬೋರ್ಡಿನ ಬೆನ್ನಿಗೆ ಅಂಟಿಕೊಂಡು ಕೆಳಗಿಳಿಯುತ್ತದೆ. ಇಳಿಯುವ ದಾರಿಯಲ್ಲಿ ಕಿಟಕಿಯ ಚೌಕಟ್ಟು ಅಡ್ಡ ಸಿಗುತ್ತದೆ. ಮೊದಲು ಅಲ್ಲಿ ಒಂದು ಸಂದಿ ಇತ್ತು, ಅರ್ಧ ನೀರಾದರೂ ಹೊರಗೆ ಬೀಳುತ್ತಿತ್ತು. ಆ ಸಂದಿಯನ್ನೇ ಮುಚ್ಚಿದ ಮೇಲೆ ನೀರು ಚೌಕಟ್ಟಿನ ಮೇಲೆ ನಿಲ್ಲುತ್ತದೆ, ಮತ್ತೆ ಎಲ್ಲಿಗೆ ಹೋಗಬೇಕು? ಕೋಣೆಯೊಳಗೆ.

ಅಲ್ಲಿ ಬೇಕಿದ್ದದ್ದು ಸಿಲಿಕೋನ್ ಅಲ್ಲ, ಬಗ್ಗಿಸಿದ ಒಂದು ತಗಡಿನ ಪಟ್ಟಿ. ಫ್ಲ್ಯಾಶಿಂಗ್ ಅಂತ ಕೇಳಿದರೆ ಶೀಟಿನ ಅಂಗಡಿಯಲ್ಲಿ ಗೊತ್ತಾಗುತ್ತದೆ, ಬೇಕಾದ ಅಳತೆಗೆ ಬಗ್ಗಿಸಿಯೂ ಕೊಡುತ್ತಾರೆ. ಹಂಚು ಹೊದೆಸಿದ ಮಾಡನ್ನು ನೋಡಿದವರಿಗೆ ಇದರ ಗುಟ್ಟು ಹೊಸದಲ್ಲ. ಮೇಲಿನ ಹಂಚು ಕೆಳಗಿನದರ ಮೇಲೆ ಕೂತಿರುತ್ತದೆ, ಅಂಟು ಗಿಂಟು ಏನೂ ಇಲ್ಲ, ಆದರೂ ನೂರು ವರ್ಷದ ಮನೆಗಳು ಒಣಗಿವೆ. ಗೋಡೆಯಲ್ಲೂ ಅದೇ ನಿಯಮ. ಮೇಲಿನ ಪದರ ಯಾವಾಗಲೂ ಕೆಳಗಿನ ಪದರದ ಹೊರಗೆ ಬರಬೇಕು. ಒಂದು ಕಡೆ ಇದು ಉಲ್ಟಾ ಆದರೂ ಸಾಕು, ಎಷ್ಟು ಟ್ಯೂಬ್ ಸುರಿದರೂ ಪ್ರಯೋಜನ ಇಲ್ಲ.

ಹೀಗೆ ಮಾಡಿಸಿ. ಕಿಟಕಿಯ ಮೇಲಿನ ಬೋರ್ಡನ್ನು ಬಿಚ್ಚಬೇಕು, ಬಿಚ್ಚದೆ ಆಗುವ ಕೆಲಸ ಅಲ್ಲ ಇದು. ಪಟ್ಟಿಯ ಒಂದು ಅಂಚು ಬೋರ್ಡಿನ ಹಿಂದೆ ಗೋಡೆಗೆ ತಾಗಿಕೊಂಡು 100 ಮಿಲಿಮೀಟರ್ ಮೇಲಕ್ಕೆ ಹೋಗಲಿ. ನಡುವಿನ ಭಾಗ ಕಿಟಕಿಯ ಚೌಕಟ್ಟಿನ ಮೇಲೆ ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಬರಲಿ. ಮುಂದಿನ ಅಂಚು ಚೌಕಟ್ಟಿನಿಂದ ಮುಂದೆ ಬಂದು 10ರಿಂದ 15 ಮಿಲಿಮೀಟರ್ ಕೆಳಗೆ ಬಗ್ಗಲಿ, ತುದಿ ತುಸು ಹೊರಗೆ ಚಾಚಿರಲಿ. ಆ ತುದಿಯಿಂದ ನೀರು ತೊಟ್ಟಿಕ್ಕಿ ಬೀಳುತ್ತದೆ, ಇಲ್ಲದಿದ್ದರೆ ತಗಡಿನ ಅಡಿಗೇ ಸುತ್ತಿಕೊಂಡು ವಾಪಸ್ ಗೋಡೆಗೆ ಬರುತ್ತದೆ. ಕಿಟಕಿಯ ಎರಡೂ ಬದಿಗೆ ಪಟ್ಟಿ ಒಂದೆರಡು ಇಂಚು ಜಾಸ್ತಿ ಇರಬೇಕು, ತುದಿಗಳನ್ನು ಮೇಲಕ್ಕೆ ಮಡಚಬೇಕು. ಈ ತುದಿ ಮಡಚುವ ಕೆಲಸವನ್ನು ಹತ್ತರಲ್ಲಿ ಒಂಬತ್ತು ಜನ ಬಿಡುತ್ತಾರೆ. ಮಡಚದಿದ್ದರೆ ಪಟ್ಟಿ ಹಾಕಿದ ಮೇಲೂ ಮೂಲೆ ಸೋರುತ್ತದೆ, ಯಾಕೆಂದರೆ ಪಟ್ಟಿಯ ಮೇಲೆ ಬಿದ್ದ ನೀರು ಉದ್ದಕ್ಕೆ ಹರಿದು ಕೊನೆಯಲ್ಲಿ ಬೋರ್ಡಿನ ಹಿಂದಕ್ಕೆ ಜಾರುತ್ತದೆ.

ಬೋರ್ಡಿನ ಹಿಂದೆ ಮಳೆತಡೆ ಹಾಳೆ ಹಾಕಿದ್ದರೆ ಅದನ್ನು ಅಡ್ಡ ಸೀಳಿ, ಪಟ್ಟಿಯ ಮೇಲಿನ ಅಂಚನ್ನು ಅದರ ಒಳಗೆ ತೂರಿಸಿ. ಹಾಳೆ ಪಟ್ಟಿಯ ಮೇಲೆ ಬರಬೇಕು, ಹಿಂದೆ ಹೋಗಬಾರದು. ಆಮೇಲೆ ಬೋರ್ಡನ್ನು ವಾಪಸ್ ಕೂರಿಸುವಾಗ ಅದರ ಕೆಳಗಿನ ಅಂಚಿಗೂ ತಗಡಿಗೂ 6 ಮಿಲಿಮೀಟರ್ ಸಂದಿ ಬಿಡಿ. ಆ ಸಂದಿಗೆ ಯಾರೂ ಏನೂ ತುಂಬಿಸಕೂಡದು! ಕತ್ತರಿಸಿದ ಬೋರ್ಡಿನ ಅಂಚಿಗೆ ಪೇಂಟ್ ಹಚ್ಚಿಸಿ, ಬರಿ ಅಂಚು ನೀರು ಕುಡಿದು ಉಬ್ಬುತ್ತದೆ. ಕಿಟಕಿಯ ಎಡ ಬಲ ಬದಿಗಳಿಗೆ ಸೀಲೆಂಟ್ (ಸಿಲಿಕೋನ್‌ನಂಥ ಸಂದಿ ಮುಚ್ಚುವ ಅಂಟು) ಹಚ್ಚಿದರೆ ತೊಂದರೆ ಇಲ್ಲ.

ಬೋರ್ಡ್ 8 ಅಡಿಯದ್ದಾದರೆ, ಒಂದರ ಮೇಲೆ ಒಂದು ಕೂರಿಸಿದ ಅಡ್ಡ ಜೋಡಣೆ ಗೋಡೆಯಲ್ಲಿ ಇದ್ದೇ ಇರುತ್ತದೆ. ಅಲ್ಲಿಗೂ ಇಂಥದ್ದೇ ಪಟ್ಟಿ ಬೇಕು. ಅದನ್ನೂ ಒಮ್ಮೆ ನೋಡಿಸಿಕೊಳ್ಳಿ.

ಇಷ್ಟೆಲ್ಲ ಬಿಚ್ಚುವ ಮೊದಲು ನೀರು ಎಲ್ಲಿಂದ ಬರುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಮಳೆ ಇಲ್ಲದ ದಿನ ತೋಟಕ್ಕೆ ಬಿಡುವ ಪೈಪಿನಿಂದ ಗೋಡೆಗೆ ನೀರು ಬಿಡಿ, ಒಳಗೆ ಒಬ್ಬರು ನಿಂತು ನೋಡಲಿ. ಕೆಳಗಿನಿಂದ ಶುರು ಮಾಡಿ ಮೇಲೆ ಹೋಗಬೇಕು, ಒಂದೊಂದು ಜಾಗಕ್ಕೂ 10ರಿಂದ 15 ನಿಮಿಷ. ಮೇಲಿನಿಂದ ಬಿಟ್ಟರೆ ಇಡೀ ಗೋಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ಜಿಐ ಪಟ್ಟಿ ಹಾಕಿಸಿದ್ದೆವು, ತುಕ್ಕು ಹಿಡಿದು ಗೋಡೆಯೆಲ್ಲ ಕೆಂಪು ಗೆರೆ. ಯಾವ ಲೋಹ ಒಳ್ಳೆಯದು? — ಮಂಜೇಶ್ವರ

ಉತ್ತರ: ಜಿಐ ಅಂದರೆ ಸತು ಬಳಿದ ಕಬ್ಬಿಣ. ಸತು ಎಷ್ಟು ಬಳಿದಿದ್ದಾರೆ ಅನ್ನುವುದೇ ಮುಖ್ಯ. ಒಂದು ಚದರ ಮೀಟರ್‌ಗೆ ಎರಡೂ ಬದಿ ಸೇರಿ 275 ಗ್ರಾಂ ಇರುವುದು ಗಟ್ಟಿ ಮಾಲು. 120 ಗ್ರಾಂನದ್ದೂ ಪೇಟೆಯಲ್ಲಿ ಸಿಗುತ್ತದೆ, ಹೊಸದಾಗಿ ನೋಡಿದರೆ ಎರಡೂ ಒಂದೇ ಥರ ಹೊಳೆಯುತ್ತವೆ. ಕೇಳಿಯೇ ತೆಗೆದುಕೊಳ್ಳಬೇಕು. ಗ್ಯಾಲ್ವಲ್ಯೂಮ್ ಅನ್ನುವುದರಲ್ಲಿ ಲೇಪ 55 ಶೇಕಡ ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಡಿಮೆ ಸತು, ಸ್ವಲ್ಪ ಸಿಲಿಕಾನ್. ಒಳನಾಡಿನಲ್ಲಿ, ಅಂದರೆ ಪೆರ್ಲ, ಅಡೂರು ಕಡೆಗೆ, ಅದು ಜಿಐಗಿಂತ ಜಾಸ್ತಿ ಬಾಳುತ್ತದೆ. ಅಲೆಯ ಸದ್ದು ಕೇಳುವಷ್ಟು ಹತ್ತಿರ ಇದ್ದರೆ ನಾನು ಅಲ್ಯೂಮಿನಿಯಂ ಹೇಳುತ್ತೇನೆ, 0.7 ಮಿಲಿಮೀಟರ್‌ಗಿಂತ ತೆಳ್ಳಗಿನದ್ದು ಬೇಡ. ಖರ್ಚು ಮಾಡಲು ಆಗುವುದಾದರೆ ಸ್ಟೇನ್‌ಲೆಸ್ ಸ್ಟೀಲ್, ಅದರಲ್ಲೂ 316 ನಂಬರಿನದ್ದು. ಅದರಲ್ಲಿ 2ರಿಂದ 3 ಶೇಕಡ ಮಾಲಿಬ್ಡಿನಮ್ ಇರುತ್ತದೆ, ಉಪ್ಪಿನ ಗಾಳಿಯನ್ನು ತಡೆಯುವುದು ಅದೇ. ಅಡುಗೆಮನೆ ಪಾತ್ರೆಗೆ ಬಳಸುವ 304 ಕಡಲ ಬದಿಯಲ್ಲಿ ಕಂದು ಚುಕ್ಕಿ ಬೀಳುತ್ತದೆ.

ಅಲ್ಯೂಮಿನಿಯಂ ಹಾಕಿಸುವವರು ಒಂದು ವಿಷಯ ಗಮನದಲ್ಲಿಡಿ. ಹಸಿ ಸಿಮೆಂಟ್ ಅದನ್ನು ತಿನ್ನುತ್ತದೆ, ಸುಣ್ಣವೂ ತಿನ್ನುತ್ತದೆ. ಸಾರಣೆಗೆ ತಾಗುವ ಭಾಗಕ್ಕೆ ಮೊದಲೇ ಬಿಟುಮೆನ್ ಪೇಂಟ್ ಬಳಿದು ಒಣಗಿಸಿ ಕೂರಿಸಬೇಕು. ಗ್ಯಾಲ್ವಲ್ಯೂಮ್‌ಗೂ ಇದೇ ಮಾತು.

ಇನ್ನು ತಾಮ್ರ. ತಾಮ್ರದ ಮೇಲಿಂದ ಹರಿದ ನೀರು ಅಲ್ಯೂಮಿನಿಯಂ, ಸತು ಎರಡನ್ನೂ ತೂತು ಮಾಡುತ್ತದೆ. ನಮ್ಮ ಮನೆಯಲ್ಲಿ ತಾಮ್ರ ಎಲ್ಲಿದೆ ಅಂತ ಕೇಳಬಹುದು. ತೋಟದಲ್ಲಿದೆ ಅಲ್ವಾ? ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಲವಣವೇ. ದ್ರಾವಣ ಸರಿಯಾಗಿದೆಯಾ ಅಂತ ನೋಡಲು ಕತ್ತಿ ಅದ್ದುತ್ತೇವೆ, ಸುಣ್ಣ ಕಡಿಮೆಯಾಗಿದ್ದರೆ ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಮನೆಯ ಹತ್ತಿರದ ಮರಗಳಿಗೆ ಮದ್ದು ಬಿಟ್ಟಾಗ ಹಾರಿದ ಹನಿ ತಗಡಿನ ಮೇಲೂ ಕೂರುತ್ತದೆ, ಸುಣ್ಣದ ಜೊತೆಗೇ ಕೂರುತ್ತದೆ, ಎರಡೂ ಅದಕ್ಕೆ ಒಳ್ಳೆಯದಲ್ಲ. ಮದ್ದು ಬಿಟ್ಟ ದಿನವೇ ಶೀಟಿಗೆ, ಪಟ್ಟಿಗೆ ಒಂದಿಷ್ಟು ನೀರು ಹೊಡೆದು ತೊಳೆದರೆ ಮುಗಿಯಿತು. ತೋಟದ ನಡುವೆ ಮನೆ ಇರುವವರು ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು ಅಂತ ನನ್ನ ಒತ್ತಾಯ.

ಕಡಲ ಬದಿಯವರು ಬೇಸಿಗೆಯಲ್ಲೂ ಆಗಾಗ ತೊಳೆಯಿರಿ. ಮಳೆ ಬಡಿಯುವ ಭಾಗದ ಉಪ್ಪು ತಾನಾಗಿ ತೊಳೆದು ಹೋಗುತ್ತದೆ, ಮಾಡಿನ ಅಡಿಯಲ್ಲಿ ಮಳೆ ತಾಗದೆ ಇರುವ ಭಾಗದಲ್ಲೇ ತುಕ್ಕು ಮೊದಲು ಕಾಣುವುದು.

ಪ್ರಶ್ನೆ: ಕೆಂಪು ಕಲ್ಲಿನ ಗೋಡೆ, ಸಾರಣೆ ಮಾಡಿಲ್ಲ. ಅದಕ್ಕೆ ತಾಗಿಸಿ ಕಾರು ನಿಲ್ಲಿಸಲು 20 ಅಡಿಗೆ 20 ಅಡಿ ಶೀಟಿನ ಮಾಡು ಇಳಿಸಿದ್ದೇವೆ. ಶೀಟು ಮತ್ತು ಗೋಡೆ ಸೇರುವಲ್ಲಿ ಸಿಮೆಂಟ್ ಹಾಕಿದರೆ ಒಂದೇ ವರ್ಷದಲ್ಲಿ ಬಿರುಕು. ಗೋಡೆಯ ಒಳಬದಿಯೂ ಹಸಿ. ಏನು ಮಾಡಬಹುದು? — ಪೆರ್ಲ

ಉತ್ತರ: ಸಿಮೆಂಟ್ ಬಿರುಕು ಬಿಡದೆ ಇರುವುದಿಲ್ಲ. ಶೀಟು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಗಾಳಿಗೆ ಅಲುಗಾಡುತ್ತದೆ. ಗೋಡೆ ನಿಂತಲ್ಲೇ ನಿಂತಿರುತ್ತದೆ. 3 ಮೀಟರ್ ಉದ್ದದ ಅಲ್ಯೂಮಿನಿಯಂ 40 ಡಿಗ್ರಿ ಬಿಸಿ ಏರಿದರೆ ಹತ್ತಿರ ಹತ್ತಿರ 3 ಮಿಲಿಮೀಟರ್ ಉದ್ದವಾಗುತ್ತದೆ, ಉಕ್ಕಾದರೆ ಅದರ ಅರ್ಧ. ಇಂಥ ಎರಡನ್ನು ಸಿಮೆಂಟಿನಿಂದ ಕಟ್ಟಿಹಾಕಲು ಆಗದು. ಹಾಗಾಗಿ ಪಟ್ಟಿಯನ್ನು ಎರಡು ತುಂಡಾಗಿ ಮಾಡಬೇಕು. ಒಂದು ಶೀಟಿನ ಜೊತೆ ಇರುವುದು, ಇನ್ನೊಂದು ಗೋಡೆಯ ಜೊತೆ ಇರುವುದು.

ಕೆಳಗಿನ ಪಟ್ಟಿಯನ್ನು ಶೀಟಿನ ಮೇಲೆ 150 ಮಿಲಿಮೀಟರ್ ಚಾಚಿ, ಗೋಡೆಯ ಪಕ್ಕದಲ್ಲಿ 150 ಮಿಲಿಮೀಟರ್ ಮೇಲಕ್ಕೆ ನಿಲ್ಲಿಸಿ. ಸ್ಕ್ರೂ ಶೀಟಿಗೆ ಮಾತ್ರ, ಶೀಟಿನ ಉಬ್ಬಿನ ಮೇಲೆ, ರಬ್ಬರ್ ವಾಶರ್ ಹಾಕಿ. ಗೋಡೆಗೆ ಬೇಡ. ಮೇಲಿನ ಪಟ್ಟಿಯ ತಲೆ ಗೋಡೆಯೊಳಗೆ ಹೋಗಬೇಕು. ಅದಕ್ಕೆ ಕಟ್ಟರಿನಲ್ಲಿ ಗೋಡೆಗೆ 25 ಮಿಲಿಮೀಟರ್ ಆಳದ ಗೆರೆ ಕೊಯ್ದು, ಧೂಳು ಪೂರಾ ತೆಗೆದು, ಪಟ್ಟಿಯ ಅಂಚನ್ನು ಒಳಗೆ ಕೂರಿಸಿ, ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಪಟ್ಟಿಯ ಕೆಳಭಾಗ ಮೊದಲನೆಯದರ ಮೇಲೆ ಕನಿಷ್ಠ 75 ಮಿಲಿಮೀಟರ್ ಇಳಿದು ಸಡಿಲವಾಗಿ ಕೂತಿರಲಿ. ಹೀಗಾದರೆ ಶೀಟು ಅಲುಗಾಡಿದರೂ ಜೋಡಣೆ ಹರಿಯುವುದಿಲ್ಲ. ಉದ್ದಕ್ಕೆ ಎರಡು ಪಟ್ಟಿ ಸೇರುವಲ್ಲಿ 100 ಮಿಲಿಮೀಟರ್ ಒಂದರ ಮೇಲೊಂದು ಬರಲಿ, ಒಂದೊಂದು ಪಟ್ಟಿ 3 ಮೀಟರ್‌ಗಿಂತ ಉದ್ದ ಬೇಡ.

ಸೀಲೆಂಟ್ ವಿಚಾರದಲ್ಲಿ ಒಂದು ಎಚ್ಚರ. ವಿನೆಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಗಾಜಿಗೆ ಸರಿ. ಅದರಿಂದ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ, ಅದು ಸತುವನ್ನು ತಿನ್ನುತ್ತದೆ, ಸಿಮೆಂಟಿಗೆ, ಕಲ್ಲಿಗೆ ಸರಿಯಾಗಿ ಅಂಟುವುದೂ ಇಲ್ಲ. ನ್ಯೂಟ್ರಲ್ ಸಿಲಿಕೋನ್ ಅಥವಾ ಪಾಲಿಯುರೆಥೇನ್ ಕೇಳಿ ತನ್ನಿ.

ಕೆಂಪು ಕಲ್ಲಿನ ಮೈ ತುಂಬ ತೂತು ಇರುವುದರಿಂದ ಗೆರೆ ಕೊಯ್ದರೂ ಅಂಚು ಸರಿಯಾಗಿ ಸಿಗುವುದಿಲ್ಲ. ಪಟ್ಟಿ ಬರುವ ಜಾಗದಲ್ಲಿ ಅರ್ಧ ಅಡಿ ಅಗಲಕ್ಕೆ ಮೊದಲು ಸಿಮೆಂಟ್ ಸಾರಣೆ ಕೊಟ್ಟು ಸಮ ಮಾಡಿಸಿ, ಚೆನ್ನಾಗಿ ಒಣಗಿದ ಮೇಲೆ ಅದರಲ್ಲಿ ಗೆರೆ ಕೊಯ್ಯಿಸಿ. ಕಲ್ಲು ಕಾಣಬೇಕು ಅಂತ ಆಸೆ ಇರುವವರಿಗೆ ಆ ಒಂದು ಬಿಳಿ ಪಟ್ಟೆ ಕಣ್ಣಿಗೆ ಚುಚ್ಚುತ್ತದೆ ಅಂತ ಗೊತ್ತು. ತಗಡು ಅದನ್ನು ಬಹುಪಾಲು ಮುಚ್ಚುತ್ತದೆ.

ಇನ್ನು ಒಳಬದಿಯ ಹಸಿ. ಇದನ್ನು ತಗಡೊಂದೇ ನಿಲ್ಲಿಸದು. ಪಟ್ಟಿಯ ಮೇಲಿನ ಗೋಡೆಗೆ ಬಡಿದ ಮಳೆಯನ್ನು ಕಲ್ಲೇ ಕುಡಿಯುತ್ತದೆ. ಕುಡಿದ ನೀರು ಕಲ್ಲಿನೊಳಗೆ ಇಳಿದು ಪಟ್ಟಿಯನ್ನು ದಾಟಿ ಕೆಳಗೆ ಬರುತ್ತದೆ. ಅದಕ್ಕೆ ಬೇಸಿಗೆಯಲ್ಲಿ ಕಲ್ಲು ಪೂರಾ ಒಣಗಿದಾಗ ಸೈಲೇನ್-ಸೈಲೋಕ್ಸೇನ್ ಜಾತಿಯ ನೀರು ತಡೆಯುವ ದ್ರಾವಣ ಹೊಡೆಸಿ. ಅದು ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ಹಬೆಯನ್ನು ಹೊರಗೆ ಬಿಡುತ್ತದೆ. ಹೊಳೆಯುವ ವಾರ್ನಿಶ್ ಮಾತ್ರ ಬಳಿಯಬೇಡಿ. ಅದು ಹಬೆಯನ್ನೂ ಹಿಡಿದಿಡುತ್ತದೆ, ಕಲ್ಲು ಒಣಗುವುದೇ ಇಲ್ಲ, ಕೆಲವು ಕಾಲದಲ್ಲಿ ಪದರ ಪದರವಾಗಿ ಏಳುತ್ತದೆ.

ಮತ್ತೊಂದು, ನೀವು ಬರೆದಿಲ್ಲ ಆದರೂ ಕೇಳುತ್ತೇನೆ. ಮಾಡಿನ ಇಳಿಜಾರು ಗೋಡೆಯ ಉದ್ದಕ್ಕೆ ಹೋಗಿ ಗೋಡೆಯ ನಡುವೆಯೇ ಮುಗಿಯುತ್ತದೆಯಾ? ನಿಮ್ಮ ಅಳತೆಗೆ ಮಾಡು 37 ಚದರ ಮೀಟರ್ ಆಯಿತು. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ 3700 ಲೀಟರ್ ನೀರು. ಅದರಲ್ಲಿ ಗೋಡೆಯ ಪಕ್ಕದ್ದು ಶೀಟಿನ ಕೆಳ ತುದಿಗೆ ಬಂದು, ಅಲ್ಲಿ ನೀರು ಹಿಡಿಯುವ ದಂಬೆಗೆ ಬೀಳುವ ಬದಲು ನೇರ ಗೋಡೆಗೆ ಇಳಿಯುತ್ತದೆ. ಆ ತುದಿಯಲ್ಲಿ ಗೋಡೆಯಿಂದ ಹೊರಗೆ ತಿರುಗಿಸಿದ ಒಂದು ಗಿಡ್ಡ ತಗಡು ಇರಲೇಬೇಕು, ನೀರನ್ನು ದಂಬೆಯ ಕಡೆಗೆ ತಳ್ಳಲು. ಅಂಗೈ ಅಗಲದ ತಗಡು. ಅದಿಲ್ಲದೆ ಗೋಡೆಯ ಮೂಲೆ ಪಾಚಿ ಕಟ್ಟಿ ಕಪ್ಪಾದ ಮನೆಗಳು ನಮ್ಮ ಊರುಗಳಲ್ಲಿ ಎಷ್ಟು ಬೇಕು.

ಪ್ರಶ್ನೆ: ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಗೋಡೆಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಅದು ಸುಮ್ನೆ ಮಾಡುತ್ತಿದ್ದದ್ದಾ, ಅದರಿಂದ ಕಲಿಯುವುದೇನಾದರೂ ಇದೆಯಾ? — ನೀರ್ಚಾಲು

ಉತ್ತರ: ಈ ಪ್ರಶ್ನೆ ಓದಿ ಖುಷಿಯಾಯಿತು. ತೆಂಗಿನ ಮಡಲು ಹೆಣೆದು ಜಗಲಿಯ ಹೊರಗೆ, ಮಣ್ಣಿನ ಗೋಡೆಯಿಂದ ಸ್ವಲ್ಪ ದೂರ ಇಟ್ಟು ಕಟ್ಟುತ್ತಿದ್ದರು. ಮಳೆಯ ಹೊಡೆತ ತಟ್ಟಿಯ ಮೇಲೆ ಮುಗಿಯುತ್ತಿತ್ತು. ಹಿಂದೆ ಗಾಳಿ ಆಡುತ್ತಿತ್ತು, ಗೋಡೆ ಒಣಗುತ್ತಿತ್ತು. ಹೊಸ ಬೋರ್ಡಿನ ಹೊದಿಕೆಗೂ ಬೇಕಾದದ್ದು ಇದೇ. ಬೋರ್ಡನ್ನು ಗೋಡೆಗೆ ನೇರ ಅಂಟಿಸಿ ಹೊಡೆಯಬಾರದು, ನಡುವೆ 20 ಮಿಲಿಮೀಟರ್ ಆದರೂ ಜಾಗ ಬೇಕು. ಅದಕ್ಕೆ ಹಾಕುವ ರೀಪು (ಉದ್ದ ಪಟ್ಟಿ) ನೆಟ್ಟಗೆ ನಿಲ್ಲಬೇಕು. ಅಡ್ಡ ರೀಪು ಹಾಕಿದರೆ ಇಳಿಯುವ ನೀರು ಅದರ ಮೇಲೆ ನಿಲ್ಲುತ್ತದೆ. ಕೆಳಗೆ ಶುರುವಾಗುವಲ್ಲಿ ಹೊರಗೆ ಚಾಚಿದ ತಗಡಿನ ಪಟ್ಟಿ, ಅದರ ಹಿಂದೆ ಇಲಿ, ಹಾವು, ಕಣಜ ನುಗ್ಗದ ಹಾಗೆ ಸಣ್ಣ ಕಣ್ಣಿನ ಬಲೆ. ನೆಲದಿಂದ 150 ಮಿಲಿಮೀಟರ್ ಮೇಲಿರಲಿ. ಅಂಗಳದ ಕೆಂಪು ಮಣ್ಣು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ಅಂತ ನಿಮ್ಮ ಗೋಡೆಯೇ ತೋರಿಸುತ್ತದೆ, ಅಲ್ಲಿಂದ ಮೇಲೆ ಆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ತಗಡು ನಾನೇ ಕೊಯ್ದು ಹಾಕಬಹುದಾ? ಗ್ರೈಂಡರ್ ಇದೆ. — ಮುಳ್ಳೇರಿಯ

ಉತ್ತರ: ಕೈ ಎಟುಕುವ ಎತ್ತರದಲ್ಲಿ ಖಂಡಿತ ಹಾಕಬಹುದು. ಗ್ರೈಂಡರ್ ಬೇಡ. ಅದರ ಬಿಸಿಗೆ ಅಂಚಿನ ಸತು ಸುಟ್ಟು ಹೋಗುತ್ತದೆ, ಹಾರಿದ ಕಿಡಿ ಉಳಿದ ತಗಡಿಗೆ ಅಂಟಿ ಅಲ್ಲೆಲ್ಲ ತುಕ್ಕು ಏಳುತ್ತದೆ. ತಗಡು ಕತ್ತರಿ ಬಳಸಿ, ದಪ್ಪ ಕೈಗವಸು ಹಾಕಿ. ತೂತು ಕೊರೆದ ಮೇಲೆ ಉದುರಿದ ಚೂರನ್ನು ಗುಡಿಸಿ ತೆಗೆಯಿರಿ, ಒಂದು ರಾತ್ರಿಯ ಮಂಜು ಸಾಕು ಅದು ಕಲೆ ಮಾಡಲು.

ಪ್ರಶ್ನೆ: ಈಗ ಆಟಿಯ (ಜುಲೈ-ಆಗಸ್ಟ್) ಮಳೆ ನಡೆಯುತ್ತಿದೆ, ಕೋಣೆಯೊಳಗೆ ಬಾಲ್ದಿ ಇಟ್ಟಿದ್ದೇವೆ. ನೀವು ಹೇಳುವುದೆಲ್ಲ ಬೇಸಿಗೆಯ ಕೆಲಸ. ಇವತ್ತಿಗೆ ಏನು? — ಕುಂಬಳೆ

ಉತ್ತರ: ಮೊದಲು ನೀರು ಇಳಿಯುವ ಗೋಡೆಯಲ್ಲಿ ಸ್ವಿಚ್‌ಬೋರ್ಡ್ ಇದೆಯಾ ನೋಡಿ. ಇದ್ದರೆ ಆ ಕೋಣೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹಾಗೇ ಇರಲಿ. ಗೋಡೆ ಹಸಿ ಇರುವಾಗ ಸೀಲೆಂಟ್ ಅಥವಾ ಬ್ಯುಟೈಲ್ ಟೇಪ್ ಹಚ್ಚಿ ದುಡ್ಡು ಕಳೆಯಬೇಡಿ, ಅಂಟುವುದಿಲ್ಲ. ಟಾರ್ಪಾಲು ಒಂದನ್ನು ಮಾಡಿನ ಚಾಚಿನ ಅಡಿಯಿಂದ ಇಳಿಬಿಟ್ಟು, ಗೋಡೆಯಿಂದ ಸ್ವಲ್ಪ ಹೊರಗೆ ಬರುವ ಹಾಗೆ ಕೆಳಗೆ ಬಿಗಿದು ಕಟ್ಟಿ. ಅದರ ಮೇಲಿನ ಅಂಚು ಚಾಚಿನ ಒಳಗೆ ಇರಬೇಕು, ಇಲ್ಲದಿದ್ದರೆ ಮಾಡಿನ ನೀರೆಲ್ಲ ಅದರ ಹಿಂದೆ ಇಳಿಯುತ್ತದೆ. ಎರಡೂ ಬದಿ ಗಾಳಿಗೆ ತೆರೆದಿರಲಿ.

ಮಳೆಯಲ್ಲಿ ಶೀಟಿನ ಮೇಲೆ ಹತ್ತಬೇಡಿ. ಅಲ್ಯೂಮಿನಿಯಂ ಏಣಿ, ದೋಟಿ ಹಿಡಿದು ಓಡಾಡುವಾಗ ಮೇಲೆ ಕರೆಂಟಿನ ತಂತಿ ಇದೆಯಾ ಅಂತ ತಲೆ ಎತ್ತಿ ನೋಡಿ. ಒಂದು ಬಾಲ್ದಿ ನೀರಿಗಾಗಿ ಯಾರೂ ಪ್ರಾಣ ಕಳೆದುಕೊಳ್ಳಬಾರದು.

ಸೋರುವ ಜಾಗಗಳಿಗೆ ಈಗಲೇ ಪೆನ್ಸಿಲಿನಲ್ಲಿ ಗುರುತು ಹಾಕಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗೋಡೆ ಒಣಗಿದ ಮೇಲೆ ಕೆಲಸದವರಿಗೆ ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಕಷ್ಟ, ಫೋಟೋ ಇದ್ದರೆ ಯಾವ ಭಾಷೆಯವರಾದರೂ ಹಿಡಿದುಕೊಳ್ಳುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರುವುದರಿಂದ ಬೋರ್ಡ್ ಬಿಚ್ಚುವ ಕೆಲಸವನ್ನು ಡಿಸೆಂಬರ್ ನಂತರಕ್ಕೆ ಇಟ್ಟುಕೊಳ್ಳಿ. ಮೇ ಕೊನೆಯ ಪತ್ತನಾಜೆ ಹತ್ತಿರ ಬಂದರೆ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ, ತಗಡು ಬಗ್ಗಿಸುವವರು ಕೈಗೆ ಸಿಗುವುದಿಲ್ಲ. ಜನವರಿಯಲ್ಲೇ ಹೇಳಿಡಿ, ಮುಗಿದ ಮೇಲೆ ಪೈಪಿನಿಂದ ನೀರು ಬಿಟ್ಟು ಪರೀಕ್ಷೆ ಮಾಡಿ, ಆಮೇಲೆ ಕೊನೆಯ ಕಂತು ಕೊಡಿ.